ತೊಡುವವರು ಬರಲಿ

ಕತ್ತರಿ ದೊಡ್ಡಮ್ಮನ ಹೊಲಿಗೆ ಅಂಗಡಿಗೆ ಒಂದೇ ಒಂದು ಕಟ್ಟಳೆ. ತೊಡುವವರು ಖುದ್ದಾಗಿ ಬಂದು ಕನ್ನಡಿಯ ಮುಂದೆ ನಿಲ್ಲದ ಹೊರತು ಅವಳು ಬಟ್ಟೆಗೆ ಕತ್ತರಿ ತಾಕಿಸುತ್ತಿರಲಿಲ್ಲ. ಅಳತೆಗೆಂದು ಹಳೆಯ ಅಂಗಿ ತಂದರೆ ಇಲ್ಲ, ಫೋನಿನಲ್ಲಿ ಅಳತೆ ಹೇಳಿದರೆ ಇಲ್ಲ, "ಅವನೂ ನನ್ನಷ್ಟೇ ಇದಾನೆ, ನನ್ನ ಅಳತೆಗೇ ಹೊಲಿದುಬಿಡಿ" ಎಂದರಂತೂ ಮುಗಿದೇ ಹೋಯಿತು. ಒಮ್ಮೆ ಬೇಕರಿಯವನು ಮಗನಿಗೆ ಗೊತ್ತಾಗದ ಹಾಗೆ ಕೋಟು ಹೊಲಿಸಿ ಕೊಡಬೇಕೆಂದು ದುಬಾರಿ ಬಟ್ಟೆ ಹೊತ್ತು ತಂದಿದ್ದ.

"ತೊಡೋನು ನೀನಾ, ನಿನ್ನ ಮಗನಾ?"

"ಮಗನೇ. ಆದ್ರೆ ನಾನು ಅಪ್ಪ ಅಲ್ವಾ ದೊಡ್ಡಮ್ಮ, ಅವನಿಗೇನು ಬೇಕು ಅಂತ ನಂಗೊತ್ತಿಲ್ವಾ?"

"ಅಪ್ಪನಿಗೆ ಬಟ್ಟೆ ಬಣ್ಣ ಗೊತ್ತಿರುತ್ತೆ ಕಣಯ್ಯ, ಮಗನ ಕಂಕುಳಲ್ಲಿ ಎಲ್ಲಿ ಹಿಡಿಯುತ್ತೆ ಅಂತ ಗೊತ್ತಿರಲ್ಲ. ತೊಡೋರು ಬರಲಿ."

ಬೇಕರಿಯವನು ಗೊಣಗಿಕೊಂಡು ಹೋದ, ಮಾರನೆಯ ದಿನ ಮಗನನ್ನು ಕರೆದುಕೊಂಡೇ ಬಂದ. ಬಾರದೆ ಎಲ್ಲಿಗೆ ಹೋದಾನು? ಅವಳ ಕೈಯ ಕೋಟು ತೊಟ್ಟವರು ಬೇರೆ ಅಂಗಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಅಳತೆ ಪಟ್ಟಿ ಹಿಡಿದು ನಿಂತರೆ ಅವಳು ಪ್ರತಿಯೊಬ್ಬರನ್ನೂ, ಮೂರಡಿ ಎತ್ತರದ ಶಾಲೆ ಮಕ್ಕಳನ್ನೂ, ಒಂದೇ ಮಾತು ಕೇಳುತ್ತಿದ್ದಳು: "ಎಲ್ಲಿ ಬಿಗಿ ಬೇಕು, ಎಲ್ಲಿ ಸಡಿಲ ಬೇಕು? ನೀವು ಹೇಳಿ." ಹೇಳುವ ತನಕ ಬಿಡುತ್ತಿರಲಿಲ್ಲ.

ದೊಡ್ಡಮ್ಮ ಎಂದು ಮೊದಲು ಕರೆದವಳು ಅವಳ ತಂಗಿಯ ಮಗಳು. ಗಂಡ ತೀರಿಕೊಂಡ ಮೇಲೆ ತಂಗಿ ಹಾಲುಗಲ್ಲದ ಕೂಸನ್ನು ಎತ್ತಿಕೊಂಡು ಅಕ್ಕನ ಮನೆಗೆ ಬಂದಿದ್ದಳು; ಆ ಕೂಸು ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಚೂರುಪಾರು ಬಟ್ಟೆಯಲ್ಲೇ ಹೊರಳಾಡಿ ಬೆಳೆಯಿತು. ಮಗಳು ಕರೆದದ್ದನ್ನೇ ಬೀದಿಯೂ ಕರೆಯಿತು. ಹೆಸರಿನ ಮುಂದೆ 'ಕತ್ತರಿ' ಸೇರಿಸಿದ್ದು ಬೀದಿಯವರೇ. ಕೈಯಲ್ಲಿರುವ ಕತ್ತರಿಗಿಂತ ಬಾಯಲ್ಲಿರುವುದೇ ಹೆಚ್ಚು ಹರಿತ ಎಂದು ಅವರ ದೂರು. ದೂರೇನೂ ಸುಳ್ಳಲ್ಲ ಬಿಡಿ.

ಆದರೆ ಊರಿಗೆಲ್ಲ ಮೈಗೊಪ್ಪುವಂತೆ ಹೊಲಿದುಕೊಡುವ ಈ ಮಹಾರಾಯಿತಿ ತಾನು ಮಾತ್ರ ಗೋಣಿಚೀಲದಂಥ ನಿಲುವಂಗಿ ತೊಟ್ಟು ಓಡಾಡುತ್ತಿದ್ದಳು. ಭುಜದಿಂದ ಹಿಮ್ಮಡಿಯ ತನಕ ಒಂದೇ ಅಗಲ. ಅವಳ ಅಳತೆ ತೆಗೆದವರು ಯಾರೂ ಇಲ್ಲ, ತೆಗೆಯಲು ಅವಳು ಬಿಟ್ಟವಳೂ ಅಲ್ಲ. ಹೊಲಿಗೆ ಕಲಿಯುವಾಗ ತಂಗಿಯ ಮಗಳು ಆಟಕ್ಕೆಂದು ಪಟ್ಟಿ ಹಿಡಿದು ಅವಳ ಸೊಂಟಕ್ಕೆ ಕೈ ಹಾಕಿದ್ದಳು. "ಮುಟ್ಟಬೇಡ!" ಎಂದು ದೊಡ್ಡಮ್ಮ ಕೂಗಿದ ಕೂಗಿಗೆ ಹುಡುಗಿ ಅತ್ತೇಬಿಟ್ಟಿದ್ದಳು. ಆಮೇಲೆ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಸಮಾಧಾನ ಮಾಡುವಾಗ ದೊಡ್ಡಮ್ಮನ ಕಣ್ಣೂ ಒದ್ದೆಯಾಗಿತ್ತು, ಏಕೆಂದು ಮಾತ್ರ ಹೇಳಲಿಲ್ಲ.

ಆ ಹುಡುಗಿಗೆ ಈಗ ಬಸ್ಸಿನ ಡ್ರೈವರನ ಜೊತೆ ಮದುವೆಯಾಗಿ, ಮೊದಲ ಹೆರಿಗೆಯಾಗಿತ್ತು. ಆಸ್ಪತ್ರೆಯಿಂದ ಅಳಿಯ ಫೋನು ಮಾಡಿ, "ಹೆರಿಗೆ ಆಯ್ತು ಅತ್ತೆ, ಇಬ್ಬರೂ ಚೆನ್ನಾಗಿದಾರೆ" ಎಂದದ್ದೇ ತಡ, ತಂಗಿ ಮುಂದಿನ ಮಾತು ಕೇಳದೆ ಫೋನಿಟ್ಟು ಅಂಗಡಿಗೆ ಓಡಿ ಬಂದಳು. ಹೊಟ್ಟೆಯ ಆಕಾರ ನೋಡಿ ಗಂಡೇ ಎಂದು ತಿಂಗಳುಗಟ್ಟಲೆ ಸಾರಿದ್ದವಳು ಅವಳು. ಅಂಗಡಿಯ ತುಂಬ ಗಿರಾಕಿಗಳು. "ಗಂಡು ಮಗು! ನಾನು ಹೇಳಿರ್ಲಿಲ್ವಾ?" ಎಂದು ಕೂಗಿಯೇಬಿಟ್ಟಳು. ಸಂಜೆಯೊಳಗೆ ಬೀದಿಗೆ ಬೀದಿಯೇ ಸಿಹಿ ತಿಂದಾಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರಲ್ಲ, ಹಾಗಾಯಿತು.

ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರಮ್ಮ ಮನೆಯವರನ್ನೆಲ್ಲ ಒಳಗೆ ಕರೆದು, ಬಾಗಿಲು ಮುಚ್ಚಿ, ಕುರ್ಚಿ ಎಳೆದುಕೊಂಡು ಎದುರಿಗೇ ಕೂತರು.

"ಗಾಬರಿ ಆಗೋದೇನೂ ಇಲ್ಲ. ಎಲ್ಲ ಪರೀಕ್ಷೆ ಮಾಡಿದೀವಿ, ಮಗು ಆರೋಗ್ಯವಾಗಿದೆ. ಆದರೆ ಗಂಡು ಅಂತಲೋ ಹೆಣ್ಣು ಅಂತಲೋ ನೋಡಿದ ತಕ್ಷಣ ಹೇಳೋ ಹಾಗಿಲ್ಲ. ಕೆಲವು ಮಕ್ಕಳು ಹೀಗೂ ಹುಟ್ಟುತ್ತವೆ, ಎಲ್ಲ ಕಾಲದಲ್ಲೂ ಹುಟ್ಟಿದಾವೆ. ಅಂತರಲಿಂಗಿ ಅಂತಾರೆ. ಇದರಲ್ಲಿ ಯಾರ ತಪ್ಪೂ ಇಲ್ಲ."

ಗೋಡೆಗೆ ಒರಗಿ ನಿಂತಿದ್ದ ದೊಡ್ಡಮ್ಮ ನೆಟ್ಟಗಾದಳು. ಕೊರಳಲ್ಲಿ ಮರೆತು ಹಾಗೇ ಬಂದಿದ್ದ ಅಳತೆ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಈ ಮಾತನ್ನು ಹಗಲು ಹೊತ್ತಿನಲ್ಲಿ, ದನಿ ತಗ್ಗಿಸದೆ, ನೆಗಡಿ ಕೆಮ್ಮಿನ ವಿಷಯ ಹೇಳಿದ ಹಾಗೆ ಒಬ್ಬರು ಹೇಳುವುದನ್ನು ಅವಳು ಈ ವಯಸ್ಸಿನಲ್ಲಿ ಮೊದಲ ಸಲ ಕೇಳುತ್ತಿದ್ದಳು.

"ಆಪರೇಷನ್ ಮಾಡಿ ಸರಿ ಮಾಡಬಹುದಲ್ವಾ?" ತಂಗಿ ಕೇಳಿದಳು.

"ಮಾಡೋ ಸರ್ಜನ್‌ಗಳು ಇದಾರೆ. ಹಿಂದೆ ಎಲ್ಲರೂ ಅವಸರ ಅವಸರವಾಗಿ ಮಾಡಿಸ್ತಿದ್ರು. ಈಗ ನಮ್ಮಲ್ಲಿ ತುಂಬ ಜನ ಕಾಯೋಣ ಅಂತೀವಿ. ಮಗು ಹಾಲು ಕುಡೀತಿದೆ, ಮೂತ್ರ ಸರಿಯಾಗಿ ಹೋಗ್ತಿದೆ. ಸದ್ಯಕ್ಕೆ ಕತ್ತರಿಸಬೇಕಾದ್ದು ಏನೂ ಇಲ್ಲ."

ಇಷ್ಟುದ್ದದ ಮಾತಿನಲ್ಲಿ ತಂಗಿಯ ಕಿವಿಗೆ ಬಿದ್ದದ್ದು 'ಮಾಡೋ ಸರ್ಜನ್‌ಗಳು ಇದಾರೆ' ಎಂಬುದಷ್ಟೇ. ವಾರ ಕಳೆಯುವುದರೊಳಗೆ ಅಂಥವರೊಬ್ಬರನ್ನು ಹುಡುಕಿದಳು, ಬರುವ ಸೋಮವಾರಕ್ಕೆ ಗೊತ್ತು ಮಾಡಿಯೂ ಬಂದಳು. ಅವಳನ್ನು ಕೆಟ್ಟವಳು ಅಂದುಕೊಳ್ಳಬೇಡಿ. ಬೀದಿಯ ಬಾಯಿಗೆ ಹೆದರಿದ್ದು ನಿಜ, ಆದರೆ ಮೊಮ್ಮಗುವನ್ನು ಎದೆಗವಚಿಕೊಂಡು "ನಾಳೆ ಶಾಲೆಯಲ್ಲಿ ಮಕ್ಕಳು ಆಡಿಕೊಂಡರೆ ನನ್ನ ಗುಬ್ಬಿ ಎಲ್ಲಿಗೆ ಹೋಗುತ್ತೆ?" ಎಂದು ಅಳುತ್ತಿದ್ದವಳೂ ಅವಳೇ. ಮಗಳಿಗೆ ಬಾಣಂತನದ ಸುಸ್ತು. ಅಳಿಯ ಊರವರನ್ನೆಲ್ಲ ಹೊತ್ತ ಬಸ್ಸನ್ನು ಇಕ್ಕಟ್ಟು ಗಲ್ಲಿಯಲ್ಲಿ ಸಲೀಸಾಗಿ ತಿರುಗಿಸುವವನು. ಇಲ್ಲಿ ಮಾತ್ರ ಅವನಿಗೆ ದಿಕ್ಕು ತೋಚಲಿಲ್ಲ. ದೊಡ್ಡವರು ಹೇಳಿದ ಹಾಗೆ ಆಗಲಿ ಎಂದು ಇಬ್ಬರೂ ತಲೆಯಾಡಿಸಿದ್ದರು.

ದೊಡ್ಡವರಲ್ಲಿ ದೊಡ್ಡವಳು ಬಾಯಿ ಬಿಟ್ಟಿರಲಿಲ್ಲ. ಕತ್ತರಿ ದೊಡ್ಡಮ್ಮ ತುಟಿಪಿಟಿಕ್ ಎನ್ನದೆ ಕೂತದ್ದು ಕಂಡು ಗಿರಾಕಿಗಳು "ಹುಷಾರಿಲ್ವಾ?" ಎಂದು ವಿಚಾರಿಸಿದರು. ಅವಳಿಗೆ ಬಾಯಲ್ಲಿ ಬಿಸಿತುಪ್ಪ. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಹೇಳದಿದ್ದರೆ ಸೋಮವಾರ ಮಗುವನ್ನು ಮೇಜಿನ ಮೇಲೆ ಮಲಗಿಸುತ್ತಾರೆ. ಹೇಳಿದರೆ, ಹೆತ್ತ ಮಗಳಿಗಿಂತ ಹೆಚ್ಚಾಗಿ ಸಾಕಿದ ಆ ಹುಡುಗಿ ತನ್ನನ್ನು ಯಾವ ಕಣ್ಣಿನಿಂದ ನೋಡಿಯಾಳು? ಲೋಕ ಏನು ಬೇಕಾದರೂ ಅನ್ನಲಿ, ಅದಕ್ಕೆ ಸೊಪ್ಪು ಹಾಕುವವಳಲ್ಲ. ಆದರೆ ಆ ಹುಡುಗಿ ತನ್ನ ತೊಡೆಯಿಂದ ಮಗುವನ್ನು ಎತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರೆ?

ಭಾನುವಾರ ಮಧ್ಯಾಹ್ನ ಅಂಗಡಿಯ ಬಾಗಿಲು ಹಾಕಿತ್ತು. ಕಿಟಕಿಯ ಬಿಸಿಲು ಬೀಳುವ ಕಡೆ, ಕತ್ತರಿಸುವ ಮೇಜಿನ ಮೇಲೆ ದಪ್ಪ ಕಂಬಳಿ ಮಡಿಸಿ ಹಾಸಿ ಗುಬ್ಬಿಯನ್ನು ಮಲಗಿಸಿದ್ದರು. ಪಕ್ಕದಲ್ಲಿ ಬಾಣಂತಿ, ಇಸ್ತ್ರಿ ಮೇಜಿಗೆ ಒರಗಿ ಅಳಿಯ. ತಂಗಿ ಬಿಳಿ ಹತ್ತಿಯ ತುಂಡೊಂದನ್ನು ತಂದು ಅಕ್ಕನ ಮುಂದೆ ಹರವಿದಳು.

"ನಾಳೆ ಆಸ್ಪತ್ರೆಗೆ ತೊಡಿಸ್ಕೊಂಡು ಹೋಗೋಕೆ ಒಂದು ಪುಟ್ಟ ಅಂಗಿ ಹೊಲಿದುಕೊಡು ಅಕ್ಕ. ವಾಪಸ್ ಬರುವಾಗ ನಮ್ಮ ಗಂಡು ಮಗು ಅದರಲ್ಲೇ ಬರಲಿ."

ದೊಡ್ಡಮ್ಮ ಸೀಮೆಸುಣ್ಣ ಕೈಗೆತ್ತಿಕೊಂಡಳು. ಬಟ್ಟೆಯ ಮೇಲೆ ಊರಿದಳು. ಗೆರೆ ಎಳೆಯಲು ಆಗಲಿಲ್ಲ.

"ತೊಡೋರು ಬರಲಿ," ಎಂದಳು.

"ಏನಕ್ಕಾ ನಿನ್ನ ತಮಾಷೆ! ಇಲ್ಲೇ ಮಲಗಿದೆಯಲ್ಲ!"

"ಮಲಗಿದೆ. ಎದ್ದು ನಿಂತಿಲ್ಲ. ಎಲ್ಲಿ ಬಿಗಿ ಎಲ್ಲಿ ಸಡಿಲ ಅಂತ ಹೇಳೋಕೆ ಬಾಯಿ ಬಂದಿಲ್ಲ. ಬೇಕರಿಯವನ ಮಗನ ಕೋಟಿಗೆ ಕಾದೆ ಕಣೇ. ಬಿಚ್ಚಿ ಬಿಸಾಡೋ ಕೋಟಿಗೆ! ಇದು ಮೈ. ಇದನ್ನ ಬಿಚ್ಚಿ ಬೇರೆ ಹಾಕ್ಕೊಳೋಕಾಗುತ್ತಾ?"

"ನಿನಗೇನು ಗೊತ್ತಕ್ಕ ಇಂಥದ್ದರ ಕಷ್ಟ?" ತಂಗಿಯ ದನಿ ಏರಿತು. "ಹೆತ್ತವಳಲ್ಲ, ಹೊತ್ತವಳಲ್ಲ!"

ಅಯ್ಯೋ, ಆಡಬಾರದ ಮಾತು. ಆಡಿದ ಮರುಕ್ಷಣವೇ ತಂಗಿ ಬಾಯಿಗೆ ಕೈ ಅಡ್ಡ ಹಿಡಿದಳು. ದೊಡ್ಡಮ್ಮ ಸಿಟ್ಟಾಗಲಿಲ್ಲ. ಸೀಮೆಸುಣ್ಣ ಪಕ್ಕಕ್ಕಿಟ್ಟು, ಕೈಯನ್ನು ನಿಲುವಂಗಿಗೆ ಒರೆಸಿಕೊಂಡು, ಮಗುವಿನ ಪಾದವನ್ನು ಬೊಗಸೆಯಲ್ಲಿ ಹಿಡಿದುಕೊಂಡಳು. ಆ ಪಾದ ಬೆಚ್ಚಗಿತ್ತು. ಅದನ್ನು ನೋಡುತ್ತಲೇ ಮಾತಾಡಿದಳು.

"ಚಿಕ್ಕಂದಿನಲ್ಲಿ ನಂಗೆ ಹರ್ನಿಯಾ ಆಪರೇಷನ್ ಆಯ್ತು ಅಂತ ಅಮ್ಮ ನಿಂಗೆ ಹೇಳಿದ್ಲಲ್ಲ, ನೆನಪಿದೆಯಾ? ಹರ್ನಿಯಾ ಅಲ್ಲ ಕಣೇ ಅದು. ನಾನೂ ಗುಬ್ಬಿ ಥರಾನೇ ಹುಟ್ಟಿದವಳು."

ಅಳಿಯ ಇಸ್ತ್ರಿ ಮೇಜು ಬಿಟ್ಟು ಹತ್ತಿರ ಬಂದ.

"ಅಜ್ಜಿ ನನ್ನ ಯಾರ ಮುಂದೇನೂ ತರಬಾರದು ಅಂದಳಂತೆ. ಮನೆತನಕ್ಕೆ ಬಂದ ಪಾಪ ಅಂದಳಂತೆ. ಅವಳ ಕಾಲದಲ್ಲಿ ಇಂಥ ಮಕ್ಕಳನ್ನ ಉಳಿಸಿಕೊಳ್ತಾನೇ ಇರಲಿಲ್ಲವಂತೆ, ಉಳಿದರೆ ಹಿತ್ತಲ ಕೋಣೆಯಲ್ಲಿ ಬಚ್ಚಿಡ್ತಿದ್ರಂತೆ. ಅಮ್ಮ ಜಗಳ ಆಡಿ ಉಳಿಸಿಕೊಂಡಳು, ಅದಕ್ಕೆ ಅವಳ ಹೊಟ್ಟೆ ತಣ್ಣಗಿರಲಿ. ಆಮೇಲೆ ಅವಳೇ ಹೆದರಿ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋದಳು. ಗೊಂಬೆ ಕೊಡಿಸ್ತೀನಿ ಬಾ ಅಂದಳು. ಎದ್ದು ನೋಡಿದ್ರೆ ಉರಿ, ಬ್ಯಾಂಡೇಜು. ಆಮೇಲೆ ವರ್ಷ ವರ್ಷ ಹೋಗೋದು. ಬಟ್ಟೆ ಬಿಚ್ಚಿ ನಿಲ್ಲಿಸ್ತಿದ್ರು, ಡಾಕ್ಟರಿಕೆ ಓದೋ ಹುಡುಗರು ಸುತ್ತ ನಿಂತು ನೋಡ್ತಿದ್ರು. ನನ್ನ ಹೆಸರು ಕೂಡ ಕೇಳ್ತಿರಲಿಲ್ಲ ಒಬ್ಬನೂ."

"ದೊಡ್ಡಮ್ಮ..." ಎಂದಳು ಬಾಣಂತಿ.

"ತಡಿ, ಹೇಳಿಬಿಡ್ತೀನಿ, ಮತ್ತೆ ಹೇಳೋ ಧೈರ್ಯ ಬರುತ್ತೋ ಇಲ್ವೋ. ಹೆಣ್ಣು ಮಾಡಿದೀವಿ ಅಂದ್ರು. ಹೆಣ್ಣಾಗಿ ಬೆಳೆದೆ, ಹೆಣ್ಣಾಗೇ ಇದೀನಿ, ಅದರಲ್ಲಿ ನಂದೇನೂ ತಕರಾರಿಲ್ಲ. ಕೇಳಲಿಲ್ಲವಲ್ಲ, ಅದು ತಕರಾರು! ಅವತ್ತಿನ ನೋವು ಇವತ್ತಿಗೂ ಚಳಿಗಾಲದಲ್ಲಿ ಎದ್ದು ಕೂರುತ್ತೆ. ಯಾರಿಗೂ ಹೇಳಬೇಡ ಅಂದ ಅಮ್ಮನ ಮಾತು ಇನ್ನೂ ಗಂಟಲಲ್ಲಿ ಕೂತಿದೆ. ಸೋಮವಾರ ಈ ಕೂಸಿಗೆ ಅದನ್ನ ಮಾಡಬೇಡ್ರೋ. ಕಾಲಿಗೆ ಬೀಳು ಅಂದ್ರೆ ಬೀಳ್ತೀನಿ. ಬೆಳೀಲಿ. ಅದೇ ನಿಂತು ಹೇಳಲಿ. ಹಾಗೇ ಇರ್ತೀನಿ ಅಂದ್ರೆ ಹಾಗೇ ಇರಲಿ."

ತಂಗಿ ಸ್ಟೂಲಿನ ಮೇಲೆ ಕುಸಿದು ಕೂತಳು. ಒಂದೇ ಹೊದಿಕೆಯಲ್ಲಿ ಮಲಗಿ ಬೆಳೆದವರು ಅವರು. ಅಕ್ಕ ಬಚ್ಚಲಿನ ಚಿಲಕ ಹಾಕಿಕೊಂಡರೆ ಇವಳು ಹೊರಗಿನಿಂದ ಬಾಗಿಲು ಬಡಿದು, "ಒಳಗೇನು ಬಂಗಾರ ಬಚ್ಚಿಟ್ಟಿದೀಯಾ?" ಎಂದು ರೇಗಿಸುತ್ತಿದ್ದಳು. ಅಕ್ಕ ಒಳಗಿನಿಂದ ಒಮ್ಮೆಯೂ ಉತ್ತರ ಕೊಟ್ಟಿರಲಿಲ್ಲ.

"ಬಾಗಿಲು ಬಡೀತಿದ್ನಲ್ಲೇ ಅಕ್ಕ," ಎಂದು ಬಿಕ್ಕಿದಳು. "ದಿನಾ ಬಡೀತಿದ್ನಲ್ಲೇ! ನಂಗಾದ್ರೂ ಹೇಳಬಾರದಿತ್ತಾ?"

"ನಿನ್ನ ಬಾಯಲ್ಲಿ ಮಾತು ನಿಲ್ಲುತ್ತಾ? ಫೋನಲ್ಲಿ ಪೂರ್ತಿ ಕೇಳದೆ ಬೀದಿಗೆಲ್ಲ ಸಿಹಿ ಹಂಚಿದವಳು ನೀನು."

ಅಳು ಬಂದಿದ್ದ ತಂಗಿಗೆ ನಗುವೂ ಬಂತು, ಎರಡೂ ಒಟ್ಟಿಗೇ ಬಂದು ಕೆಮ್ಮಿದಳು. ಅಳಿಯ ಓಡಿ ಹೋಗಿ ನೀರು ತಂದುಕೊಟ್ಟ. ಲೋಟ ಕೊಟ್ಟವನೇ, "ನಾಳೆ ಎಲ್ಲಿಗೂ ಹೋಗೋದು ಬೇಡ. ಆ ಡಾಕ್ಟರಮ್ಮ ಹೇಳಿದ ಹಾಗೆ ಕಾಯೋಣ," ಎಂದ. ವಾರದಲ್ಲಿ ಅವನು ಆಡಿದ ಅತಿ ಉದ್ದದ ಮಾತು ಅದು.

ದೊಡ್ಡಮ್ಮನಿಗೆ ಅದು ಕೇಳಿಸಿತು. ಆದರೆ ಅವಳು ಕಾಯುತ್ತಿದ್ದುದು ಹುಡುಗಿಯ ಮಾತಿಗೆ. ತಲೆಯೆತ್ತಿ ಅವಳ ಮುಖ ನೋಡಲು ಹೆದರಿ ಮಗುವಿನ ಪಾದವನ್ನೇ ನೋಡುತ್ತಿದ್ದಳು. ಹುಡುಗಿ ಎದ್ದಳು. ಮಗುವನ್ನು ಎತ್ತಿಕೊಂಡಳು. ಬೊಗಸೆ ಖಾಲಿಯಾಯಿತು. ಆಯಿತು, ಮುಗಿಯಿತು ಎಂದುಕೊಂಡಳು ದೊಡ್ಡಮ್ಮ.

ಹುಡುಗಿ ಮೇಜನ್ನು ಸುತ್ತಿ ಬಂದು ಮಗುವನ್ನು ಅವಳ ತೋಳಿಗೇ ಇಟ್ಟು, ಇಬ್ಬರನ್ನೂ ಸೇರಿಸಿ ತಬ್ಬಿಕೊಂಡಳು.

"ಇದಕ್ಕೆ ತನ್ನ ಥರದವಳು ನೀನು ಮನೇಲೇ ಇದೀಯಲ್ಲ ದೊಡ್ಡಮ್ಮ," ಎಂದಳು. "ನಿಂಗೆ ಯಾರೂ ಇರಲಿಲ್ಲ."

ಕತ್ತರಿ ದೊಡ್ಡಮ್ಮ ಆಗ ಅತ್ತಳು. ಮಗುವಿನ ಮುಖದ ಮೇಲೆ ಹನಿ ಬಿದ್ದು ಅದೂ ಶುರುಮಾಡಿತು. ಅಂಗಡಿಯ ತುಂಬ ಅಳುವೋ ಅಳು.

ಸೋಮವಾರ ಬೆಳಿಗ್ಗೆ ಬೇಕರಿಯವನು ಬಂದ. "ಗಂಡು ಗಂಡು ಅಂದ್ರಿ, ಈಗ ಬೀದಿಯಲ್ಲಿ ಏನೇನೋ ಗುಸುಗುಸು ಕೇಳಿಸ್ತಿದೆ. ಗಂಡಾ ಹೆಣ್ಣಾ?" ಎಂದು ತಂಗಿಯನ್ನು ಕೇಳಿದ. ದೊಡ್ಡಮ್ಮನ ಕೈಯ ಸೂಜಿ ನಿಂತಿತು.

"ಅವಸರದಲ್ಲಿ ಬಾಯಿ ಹಾಕಿದ್ದು ನನ್ನ ತಪ್ಪು," ಎಂದಳು ತಂಗಿ. "ಮಗು ಕಣಪ್ಪ. ನಮ್ಮ ಗುಬ್ಬಿ. ಮಿಕ್ಕಿದ್ದು ಅದು ದೊಡ್ಡದಾಗಿ ತಾನೇ ಹೇಳುತ್ತೆ. ನಿಮ್ಮ ಹುಡುಗನ ಕೋಟಿಗೇ ಕೇಳದೆ ಕತ್ತರಿ ಹಾಕಲಿಲ್ಲ ನಮ್ಮಕ್ಕ. ಇದಕ್ಕೆ ನಾವು ಹೇಳಿಬಿಡ್ತೀವಾ?"

ಬೇಕರಿಯವನಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ, "ಅದೂ ಸರಿಯೇ" ಎಂದು ತಲೆ ಕೆರೆದುಕೊಂಡು ಹೋದ.

ಮಧ್ಯಾಹ್ನ ಗಿರಾಕಿಗಳು ಇಲ್ಲದ ಹೊತ್ತು. ಬಾಣಂತಿ ಒಳಗಿನಿಂದ ಅಂಗಡಿಗೆ ಬಂದು, ದೊಡ್ಡಮ್ಮನ ಕೊರಳಿನಿಂದ ಅಳತೆ ಪಟ್ಟಿಯನ್ನು ಮೆಲ್ಲನೆ ತೆಗೆದಳು.

"ಬಾ, ಕನ್ನಡಿ ಮುಂದೆ ನಿಂತ್ಕೋ."

"ಹೋಗೇ, ಕೆಲಸ ಇದೆ. ಮುದುಕಿಗೇನು ಅಳತೆ?"

"ನೀನು ಬೇಡ ಅಂದ್ರೆ ಬೇಡ," ಎಂದು ಹುಡುಗಿ ಪಟ್ಟಿ ಹಿಡಿದು ಅಲ್ಲೇ ನಿಂತಳು. ಮುಟ್ಟಲಿಲ್ಲ. ಕಾದಳು.

ದೊಡ್ಡಮ್ಮ ಮಿಷಿನ್ನಿನ ಮೇಲಿದ್ದ ಹೊಲಿಗೆ ಮುಗಿಸಿ ದಾರ ಕತ್ತರಿಸಿದಳು. ಆಮೇಲೆ ಎದ್ದಳು. ಕನ್ನಡಿಯ ಮುಂದೆ ಹೋಗಿ, ಊರವರನ್ನೆಲ್ಲ ನಿಲ್ಲಿಸಿದ ಜಾಗದಲ್ಲಿ ತಾನು ನಿಂತಳು. ಪಟ್ಟಿ ಭುಜಕ್ಕೆ ತಾಗಿದಾಗ ಮೈ ಒಮ್ಮೆ ಬಿಗಿಯಾಯಿತು, ಮತ್ತೆ ಸಡಿಲಾಯಿತು.

"ಎಲ್ಲಿ ಬಿಗಿ ಬೇಕು, ಎಲ್ಲಿ ಸಡಿಲ ಬೇಕು?" ಹುಡುಗಿ ಕೇಳಿದಳು. "ನೀನು ಹೇಳು."

ಈ ಪ್ರಶ್ನೆಯನ್ನು ಜೀವಮಾನವೆಲ್ಲ ಅವಳೇ ಊರವರಿಗೆ ಕೇಳಿದ್ದಳು. ಕನ್ನಡಿಯಲ್ಲಿ ತನ್ನನ್ನೇ ಮೇಲಿಂದ ಕೆಳಗೆ ನಿಧಾನವಾಗಿ ನೋಡಿಕೊಂಡಳು.

"ಕಂಕುಳಲ್ಲಿ ಸಡಿಲ ಇರಲಿ, ಗುಬ್ಬೀನ ಎತ್ಕೋಬೇಕು," ಎಂದಳು. ಆಮೇಲೆ ತುಸು ನಾಚಿಕೊಂಡು ಸೇರಿಸಿದಳು: "ಸೊಂಟದ ಹತ್ತಿರ ಮಾತ್ರ ಮೈಗೆ ಕೂರೋ ಹಾಗೆ ಹೊಲಿ."