ಆರಿನ್ ಬರೆದ ಸಾಲು

ಹೆಪ್ಪುಗಟ್ಟಿದ ಕೆರೆಗಳ ಮೇಲೆ ಗುಡಿಸಲು ಎಳೆದುಕೊಂಡು ಹೋಗಿ, ಮಂಜುಗಡ್ಡೆಗೆ ತೂತು ಕೊರೆದು ಮೀನು ಹಿಡಿಯುವ ಅಮೆರಿಕದ ಮಿನೆಸೋಟಾದವರಿಗಾಗಿ ವರ್ನಾ ಲಿಂಡ್‌ಕ್ವಿಸ್ಟ್ ಒಂದು ಅಲಾರಂ ಮಾಡಿದ್ದಳು. ಗ್ಯಾಸ್ ಒಲೆಯಿಂದ ವಾಸನೆಯಿಲ್ಲದ ವಿಷಗಾಳಿ ತುಂಬಿಕೊಂಡರೆ ಅದು ಕಿವಿ ಹರಿಯುವಂತೆ ಅರಚುತ್ತಿತ್ತು. ಅದರ ಕಂಪ್ಯೂಟರ್ ಪ್ರೋಗ್ರಾಂ ಇಂಟರ್ನೆಟ್‌ನಲ್ಲಿ ಎಲ್ಲರಿಗೂ ಬಿಟ್ಟಿ. ಯಾರು ಬೇಕಾದರೂ ತಿದ್ದಿ ಕಳಿಸಬಹುದು. ಪ್ರೋಗ್ರಾಂ ತಿದ್ದಲು ನಾಮುಂದು ತಾಮುಂದು ಎಂದು ಬರುತ್ತಿದ್ದ ಜನ, ಬಳಸುವ ಕ್ರಮ ಬರೆಯಿರಪ್ಪಾ ಎಂದರೆ ನಾಪತ್ತೆ. ರೋಸಿಹೋದ ವರ್ನಾ ಈ ಜನವರಿಯಲ್ಲಿ ಸಾರಿಬಿಟ್ಟಳು: ಕೈಪಿಡಿಗೆ ಯಾರು ಒಂದು ಸಾಲು ಕಳಿಸಿದರೂ ಅಂದೇ ಸೇರಿಸುತ್ತೇನೆ, ಹೆಸರೂ ಹಾಕುತ್ತೇನೆ. ಬರೀ ಬರಹ ತಾನೇ, ಅದರಿಂದ ಏನು ಕೆಡುತ್ತದೆ ಎಂಬ ಉಡಾಫೆ ಪ್ರೋಗ್ರಾಂ ಬರೆಯುವ ಕಸುಬಿನವರಿಗೆಲ್ಲ ಇರುವಂತೆ ಅವಳಿಗೂ ಇತ್ತು.

ಹನ್ನೊಂದು ದಿನದಲ್ಲಿ ಅರವತ್ತು ಸಾಲು ಬಂದವು. ಅದರಲ್ಲಿ ಅವಳ ತಮ್ಮ ಆರಿನ್‌ನದೂ ಒಂದು. ಶಾಲೆಯಲ್ಲಿ ಪತ್ರ ಬರೆ ಎಂದರೆ ಅಳುತ್ತಿದ್ದವನು! ಹೆಸರು ನೋಡಿದ ಹಿಗ್ಗಿನಲ್ಲಿ ಕೈಪಿಡಿಗೆ ಸೇರಿಸುವ ಹಸಿರು ಗುಂಡಿ ಒತ್ತಿದಳೇ ಹೊರತು ಸಾಲನ್ನು ಓದಲಿಲ್ಲ.

ಶನಿವಾರ ಮಧ್ಯಾಹ್ನ ಕೈಪಿಡಿಯ ಪುಟದ ಕೆಳಗೆ ಯಾರೋ ಬರೆದಿದ್ದರು: "ಆರಿನ್ ಹೇಳಿದ ಉಪಾಯ ಸೂಪರ್. ನಿನ್ನೆಯಿಂದ ಅಲಾರಂ ತುಟಿಪಿಟಕ್ ಎಂದಿಲ್ಲ."

ಆಗ ಓದಿದಳು. "ಅಲಾರಂ ಸುಮ್ಮಸುಮ್ಮನೆ ಕಾಟ ಕೊಟ್ಟರೆ ಟೆಸ್ಟ್ ಮೋಡ್‌ಗೆ ಹಾಕಿಡಿ." ಟೆಸ್ಟ್ ಮೋಡ್‌ನಲ್ಲಿ ಅದು ಗಾಳಿಯನ್ನು ಅಳೆಯುವುದೇ ಇಲ್ಲ. ಸಾಲನ್ನೇನೋ ಅಳಿಸಿದಳು, ಓದಿದವರ ತಲೆಯಿಂದ ಅಳಿಸುವುದು ಹೇಗೆ? ತಕ್ಷಣ ತಮ್ಮನಿಗೆ ಫೋನ್ ಮಾಡಿದಳು.

"ಏನಕ್ಕಾ, ನನ್ ಸಾಲು ನೋಡಿದ್ಯಾ? ದೊಡ್ಡ ಸಾಹಿತಿ ಆಗ್ಬಿಟ್ಟೆ ಕಣೇ."

"ಎಲ್ಲಿದೀಯೋ?"

"ಕೆರೆ ಮೇಲೆ. ಒಲೆ ಹಚ್ಕೊಂಡು ಬೆಚ್ಚಗಿದೀನಿ. ಯಾಕೋ ತಲೆ ಸಿಡೀತಿದೆ."

"ಬಾಗ್ಲು ತೆಗಿ ಆರಿನ್! ಈಗ್ಲೇ ಆಚೆ ಹೋಗೋ!"

"ಆಚೆ ಆ ಚಳೀಲಾ? ಬೈಬೇಡ್ವೇ..." ಅವನ ಮಾತು ತೊದಲುತ್ತಿತ್ತು. "ಏಳೋಕಾಗ್ತಿಲ್ಲ ಅಕ್ಕ. ಕಾಲು ಮಾತು ಕೇಳ್ತಿಲ್ಲ. ನಿನ್ ಅಲಾರಂ ಸುಮ್ನಿದೆಯಲ್ಲ, ಏನೂ ಆಗಿಲ್ಲ ಬಿಡು."

ವರ್ನಾ ಇನ್ನೊಂದು ಫೋನಿನಲ್ಲಿ ಪೊಲೀಸರಿಗೆ ತಮ್ಮ ಪ್ರತಿ ಚಳಿಗಾಲ ಹೋಗುವ ಕೆರೆಯ ಹೆಸರು ಹೇಳಿದಳು.

"ಅಲ್ಲಿ ಮೂರು ಸಾವಿರ ಗುಡಿಸಲಿವೆ ಮೇಡಂ. ಅವರದು ಯಾವುದು?"

ಅವಳಿಗೆ ಗೊತ್ತಿರಲಿಲ್ಲ. "ಆರಿನ್, ನಿನ್ ಗುಡಿಸ್ಲು ಯಾವ ಬಣ್ಣ? ಹೇಳೋ!" ಎಂದು ಕಿರುಚಿದಳು. ಮೊದಲ ಫೋನಿನಲ್ಲಿ ಒಲೆ ಸುಯ್ಯೆಂದು ಉರಿಯುವುದು ಮಾತ್ರ ಕೇಳುತ್ತಿತ್ತು.