ಅತ್ತೆಯ ಕೆಮ್ಮು

ಅತ್ತೆಯ ಕರುಳಿನ ಗಡ್ಡೆ ತೆಗೆದು, ಉಳಿದ ತುದಿಗಳನ್ನು ಸೇರಿಸಿ ಹೊಲಿದಿದ್ದೇವೆ ಎಂದು ಸರ್ಜನ್ ಹೇಳಿದ್ದರು. ಆಪರೇಷನ್ ಚೆನ್ನಾಗಿಯೇ ಆಗಿತ್ತು. ಇನ್ನು ಮಲಗಿದ ಕರುಳು ತಾನಾಗಿ ಏಳಬೇಕು. ಹೊಟ್ಟೆಯಿಂದ ಗಾಳಿ ಹೋದರೆ ಎದ್ದಂತೆ. ಅಲ್ಲಿಯವರೆಗೆ ಬಾಯಿಗೆ ತೊಟ್ಟು ನೀರೂ ಇಲ್ಲ.

ಸೊಸೆ ಸ್ಟೂಲಿನ ಮೇಲೆ ಕೂತು ಒದ್ದೆ ಹತ್ತಿಯಿಂದ ಅತ್ತೆಯ ತುಟಿ ಒರೆಸುತ್ತಿದ್ದಳು. ಅವಳಿಗೆ ಅಳು ಬರುತ್ತಿರಲಿಲ್ಲ, ಹಸಿವೂ ಆಗುತ್ತಿರಲಿಲ್ಲ. ಯಾರದೋ ಕೈಯೆಂಬಂತೆ ಅವಳ ಕೈ ಹತ್ತಿ ಅದ್ದುತ್ತಿತ್ತು, ಒರೆಸುತ್ತಿತ್ತು.

ಸರ್ಜನ್ ರೌಂಡ್ಸಿಗೆ ಬಂದಾಗಲೆಲ್ಲ ಕಲಿಯುವ ಡಾಕ್ಟರುಗಳ ಹಿಂಡು ಜೊತೆಗಿರುತ್ತಿತ್ತು. ಗಾಳಿ ಹೋಯಿತೇ ಎಂದು ಇಡೀ ವಾರ್ಡಿಗೆ ಕೇಳುವಂತೆ ಕೇಳುತ್ತಿದ್ದರು. ಅತ್ತೆ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡು ಇಲ್ಲವೆಂದು ತಲೆಯಾಡಿಸುತ್ತಿದ್ದರು. ಪಕ್ಕದ ಹಾಸಿಗೆಯಲ್ಲಿ ಪಿತ್ತಕೋಶ ತೆಗೆಸಿಕೊಂಡ ಇಸ್ತ್ರಿ ಅಂಗಡಿಯ ಹೆಂಗಸಿಗೆ ಇಂಥ ಮುಚ್ಚುಮರೆ ಇರಲಿಲ್ಲ. ತನಗೆ ಗಾಳಿ ಹೋದಾಗ ಗಂಡನಿಗೆ ಫೋನು ಮಾಡಿ ತಿಳಿಸಿದ್ದಳಂತೆ. ಅತ್ತೆಯ ಮಗ ಕೊಳಾಯಿ ರಿಪೇರಿಯವನೆಂದು ಗೊತ್ತಾದಾಗ, "ಊರಿನ ಪೈಪೆಲ್ಲ ಬಿಡಿಸ್ತಾನೆ, ಹೆತ್ತವಳದ್ದೇ ಕಟ್ಕೊಂಡು ಕೂತಿದೆ ನೋಡಿ" ಎಂದು ನಗಲು ಹೋಗಿ ಹೊಲಿಗೆ ಹಿಡಿದುಕೊಂಡಳು. ಅತ್ತೆ ಗೋಡೆಯ ಕಡೆ ಮುಖ ಮಾಡಿದರು.

ಅವರು ಮೊದಲಿನಿಂದಲೂ ಹಾಗೆಯೇ. ದೇಹವನ್ನು ದೇವರು ಬಾಡಿಗೆಗೆ ಕೊಟ್ಟ ಮನೆಯೆಂಬಂತೆ ಒಪ್ಪವಾಗಿ, ಸದ್ದಿಲ್ಲದೆ ಇಟ್ಟುಕೊಂಡವರು. ಮನೆಯಲ್ಲಿ ಅವರು ನೆಗಡಿಯಿಲ್ಲದೆ ಜೋರಾಗಿ ಕೆಮ್ಮಿದರೆ ಎಲ್ಲರೂ ಕಿಟಕಿಯ ಕಡೆಗೋ ಪಾತ್ರೆಯ ಕಡೆಗೋ ನೋಡಬೇಕು. ಆ ಕೆಮ್ಮು ಇನ್ನೊಂದು ಸದ್ದನ್ನು ಮುಚ್ಚುವುದಕ್ಕೆಂದು ಸೊಸೆಗೆ ಯಾರೂ ಹೇಳಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲೇ ತಿಳಿದುಕೊಂಡಿದ್ದಳು.

ಆ ಬೆಳಿಗ್ಗೆ ಅತ್ತೆಯ ಹೊಟ್ಟೆ ಉಬ್ಬಿತ್ತು. ಸಂಜೆಯೊಳಗೆ ಗಾಳಿ ಹೋಗದಿದ್ದರೆ ಮತ್ತೆ ತೆರೆದು ನೋಡಬೇಕಾಗುತ್ತದೆ, ಈ ವಯಸ್ಸಿನಲ್ಲಿ ಇನ್ನೊಂದು ಸಲ ತಡೆಯುವುದು ಕಷ್ಟ ಎಂದು ಸರ್ಜನ್ ಮಗನನ್ನು ಪಕ್ಕಕ್ಕೆ ಕರೆದು ಹೇಳಿದರು. ಮಗ ಹೂಂ ಎಂದು ಒಪ್ಪಿ, ಮೆಟ್ಟಿಲ ಮೇಲೆ ಹೋಗಿ ಕೂತ.

ಮಧ್ಯಾಹ್ನ ಅತ್ತೆ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದರು. ತುಟಿ ಮಾತ್ರ ಅಲುಗುತ್ತಿತ್ತು. ನಡುವೆ ನಿಲ್ಲಿಸಿ, ದಿಂಬನ್ನು ಹೊಲಿಗೆಗೆ ಒತ್ತಿಕೊಂಡು ಕೆಮ್ಮಿದರು. ನೋವಿಗೆ ಕಣ್ಣಲ್ಲಿ ನೀರು ಬಂತು. ಸೊಸೆ ಕಿಟಕಿಯ ಕಡೆ ನೋಡಿದಳು. ಹೊರಗೆ ಯಾರೋ ಆಂಬುಲೆನ್ಸ್ ತೊಳೆಯುತ್ತಿದ್ದರು. ನೀರು ಗಾಜಿನಿಂದ ಇಳಿಯುವುದನ್ನು ನೋಡುತ್ತ ಹಾಗೇ ಕೂತಳು.

ಸಂಜೆ ಸ್ಟ್ರೆಚರ್ ಬಂತು. ಸರ್ಜನ್ ಕೊನೆಯದಾಗಿ ಕೇಳಿದರು, ಅತ್ತೆ ಇಲ್ಲವೆಂದು ತಲೆಯಾಡಿಸಿದರು. ವಾರ್ಡ್ ಬಾಯ್ ಅವರ ತಲೆಯ ಕೆಳಗಿನ ದಿಂಬು ತೆಗೆದು ಸೊಸೆಯ ಕೈಗೆ ಕೊಟ್ಟ. ದಿಂಬು ಹಿಡಿದು ನಿಂತವಳಿಗೆ, ಮಧ್ಯಾಹ್ನ ತಾನು ಕಿಟಕಿಯ ಕಡೆ ನೋಡಿದ್ದು ಏಕೆಂದು ಆಗ ಹೊಳೆಯಿತು.

"ಅತ್ತೆ ಕೆಮ್ಮಿದ್ರು" ಎಂದಳು.

ನೆಗಡಿಯೇ ಎಂದು ಸರ್ಜನ್ ಕೇಳಿದರು.

"ಅಲ್ಲ ಡಾಕ್ಟ್ರೇ. ಅದು ಹೋಗುವಾಗ ಅವರು ಕೆಮ್ತಾರೆ. ಕೇಳಿಸಬಾರದು ಅಂತ. ಮಧ್ಯಾಹ್ನ ಕೆಮ್ಮಿದ್ರು. ನಾನು ಮನೇಲಿದ್ದ ಹಾಗೇ ಆಚೆ ನೋಡ್ಬಿಟ್ಟೆ."

ಇಸ್ತ್ರಿಯವಳೂ ನಗಲಿಲ್ಲ. ಸರ್ಜನ್ ಸ್ಟೂಲು ಎಳೆದುಕೊಂಡು ಕೂತರು. ಮೊದಲ ಬಾರಿಗೆ ಮೆಲ್ಲಗೆ ಕೇಳಿದರು: "ಹೌದೇನಮ್ಮ?"

ಅತ್ತೆ ಕಣ್ಣು ತೆರೆಯಲಿಲ್ಲ. ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡು ಹ್ಞೂಂ ಎಂದರು.

ಸರ್ಜನ್ ಹೊಟ್ಟೆಯ ಮೇಲೆ ಸ್ಟೆತಸ್ಕೋಪ್ ಇಟ್ಟು, ಜಾಗ ಬದಲಿಸುತ್ತ ಕೇಳಿಸಿಕೊಂಡರು. ಕರುಳು ಕೆಲಸ ಶುರು ಮಾಡಿದೆ, ಬೆಳಗಿನವರೆಗೆ ಕಾಯೋಣ, ಚಮಚದಲ್ಲಿ ಸ್ವಲ್ಪ ನೀರು ಕೊಡಿ ಎಂದರು. ಸ್ಟ್ರೆಚರ್ ಖಾಲಿ ಹೋಯಿತು. ಗಡ್ಡೆ ಎಂಥದೆಂಬ ರಿಪೋರ್ಟ್ ಇನ್ನೂ ಬರಬೇಕಿತ್ತು. ಅದನ್ನು ಯಾರೂ ಕೇಳಲಿಲ್ಲ.

ಸೊಸೆ ನೀರು ತಂದಳು. ಅತ್ತೆ ಗೋಡೆಯ ಕಡೆ ತಿರುಗಿದ್ದರು.

"ಅಷ್ಟು ಜನರ ಮುಂದೆ ನನ್ನ ಮಾನ ತೆಗೆದ್ಬಿಟ್ಟೆಯಲ್ಲೇ."

"ಹೂಂ ಅತ್ತೆ."

ಸೊಸೆಗೆ ಸಂತೋಷವೆಂದು ಏನೂ ಆಗಲಿಲ್ಲ. ಚಮಚ ತಣ್ಣಗಿದೆ ಎಂದಷ್ಟೇ ಬೆರಳಿಗೆ ಗೊತ್ತಾಯಿತು. ಅವಳು ಅದನ್ನು ಹಿಡಿದುಕೊಂಡೇ ಕಾದಳು. ಮುಖ ತಿರುಗಿಸದೆಯೇ ಅತ್ತೆ ಬಾಯಿ ತೆರೆದರು.