ಉದ್ಘಾಟನೆಯಾಗದ ಶಾಲೆ

ಪೆರುಂಗುಡಿಯ ಆಫೀಸಿನಲ್ಲಿ, ಮಾನ್ಯಾಳ ಮೇಜಿನ ಡ್ರಾಯರಿನೊಳಗೆ ಒಂದು ಇಡೀ ಶಾಲೆ ಸಿಕ್ಕಿಕೊಂಡಿತ್ತು. ಶಾಲೆ ಅಂದರೆ ಅದರ ಕೀಲಿಕೈ. ಶಾಲೆ ಇದ್ದದ್ದು ಚೆನ್ನೈಯಿಂದ ಎರಡು ಗಂಟೆ ದೂರದ ಹಳ್ಳಿಯಲ್ಲಿ. ಮಾನ್ಯಾಳ ಕಂಪನಿ ಸಮಾಜಸೇವೆಯ ಲೆಕ್ಕದಲ್ಲಿ ಅದಕ್ಕೆ ಹೊಸ ಸೂರು, ಬೆಂಚು, ನಲ್ಲಿ, ಗೋಡೆ ತುಂಬ ಬಣ್ಣ ಎಲ್ಲ ಕೊಟ್ಟು ನಾಲ್ಕು ತಿಂಗಳಾಗಿತ್ತು. ಕೊಡದೆ ಉಳಿದದ್ದು ಕೀಲಿಕೈ ಒಂದೇ. ಡೈರೆಕ್ಟರ್ ಬಂದು ರಿಬ್ಬನ್ ಕತ್ತರಿಸಿ ಫೋಟೋ ತೆಗೆಸಿಕೊಳ್ಳುವವರೆಗೆ ಯಾರೂ ಒಳಗೆ ಕಾಲಿಡಬಾರದು, ಗೋಡೆ ಕೊಳೆಯಾಗಬಾರದು ಎಂಬುದು ಕಂಪನಿಯ ಕಟ್ಟಪ್ಪಣೆ. ಡೈರೆಕ್ಟರಿಗೋ ಪುರುಸೊತ್ತಿಲ್ಲ. ಮೂರು ಸಲ ದಿನ ಗೊತ್ತಾಗಿ ಮೂರು ಸಲವೂ ಮುಂದಕ್ಕೆ ಹೋಯಿತು. ಅಲ್ಲಿಯವರೆಗೆ ಮೂವತ್ತೊಂದು ಮಕ್ಕಳು ಪಕ್ಕದ ದನದ ಕೊಟ್ಟಿಗೆಯಲ್ಲಿ ಕೂತು ಮಗ್ಗಿ ಹೇಳುತ್ತಿದ್ದವು.

ಹೆಡ್‌ಮಿಸ್ ಲೀಲಮ್ಮ ಹೊಸೂರು ಕಡೆಯ ಕನ್ನಡದವರು. ಸೋಮವಾರ ಬಂತೆಂದರೆ ಫೋನ್ ಮಾಡಿ, ದಿನ ಗೊತ್ತಾಯಿತೇ ಎಂದು ಕೇಳುವರು. ಈ ವಾರ ಖಂಡಿತ ಎಂದು ಮಾನ್ಯಾ ಹೇಳುವಳು, ಆಮೇಲೆ ನಾಚಿಕೆಯಿಂದ ಕುಗ್ಗುವಳು. ಹೋದ ವರ್ಷ ಜೊತೆಗೆ ಕೆಲಸ ಮಾಡುತ್ತಿದ್ದ ಶ್ರೀನಾಥ್ ಇನ್ನೊಂದು ಶಾಲೆಯನ್ನು ಉದ್ಘಾಟನೆಗೆ ಮುಂಚೆಯೇ ತೆರೆದುಕೊಟ್ಟಿದ್ದ. ಗೋಡೆಯ ಮೇಲೆ ಮಕ್ಕಳ ಕೈಗುರುತು ಮೂಡಿತು, ಅವನ ಕೆಲಸ ಹೋಯಿತು. ಮಾನ್ಯಾಳ ದುಡಿಮೆಯ ಮೇಲೆ ಮನೆ ನಿಂತಿತ್ತು.

ವೇಲಚೇರಿಯ ಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಾ ಅವಳ ತಾಯಿ ಕೌಸಲ್ಯಾ ಒಂದು ದಿನ ಕೇಳಿಯೇಬಿಟ್ಟರು.

"ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರೆ. ಇಲ್ಲಿ ಪೂಜಾರಿ ಯಾರೇ?"

ಮಾನ್ಯಾ ತುತ್ತು ನುಂಗಿದಳು. ಪೂಜಾರಿ ತಾನೇ ಎಂದು ಅವಳಿಗೆ ಗೊತ್ತಿತ್ತು.

ತಮಿಳರ ಐಪ್ಪಸಿ ತಿಂಗಳ ಮಳೆ ಹಿಡಿಯಿತು. ತಮ್ಮ ಬೀದಿಯಲ್ಲಿ ಮೊಣಕಾಲುದ್ದ ನೀರು ನಿಂತ ಬೆಳಿಗ್ಗೆ ಅವಳಿಗೆ ಕೊಟ್ಟಿಗೆ ನೆನಪಾಯಿತು. ತಾನೇ ಲೀಲಮ್ಮನವರಿಗೆ ಫೋನ್ ಮಾಡಿ, ಕೀಲಿಕೈಗೆ ಕಾಯಬೇಡಿ, ಬೀಗ ಒಡೆಯಿರಿ, ಆದದ್ದಾಗಲಿ ಎಂದಳು.

ಲೀಲಮ್ಮ ಒಪ್ಪಲಿಲ್ಲ.

"ಬೇಡಮ್ಮ. ಒಡೆದ್ರೆ, ಕಂಪನಿಯವರು ಇನ್ನೆರಡು ರೂಮು ಕಟ್ಟಿಸಿಕೊಡ್ತೀವಿ ಅಂದಿದ್ದಾರಲ್ಲ, ಅದೂ ಹೋಗುತ್ತೆ. ನೀವೂ ಇರಲ್ಲ. ಆಮೇಲೆ ನಾನು ಯಾರನ್ನ ಕೇಳಲಿ?"

ಮಾನ್ಯಾ ಫೋನ್ ಇಟ್ಟಳು.

ಕೊನೆಗೂ ಒಂದು ಗುರುವಾರ ಡೈರೆಕ್ಟರ್ ಬಂದರು. ಮಾನ್ಯಾ ಬೀಗ ತೆಗೆದಳು. ಮಕ್ಕಳು ಹೊಸ್ತಿಲಲ್ಲಿ ಕಾಲು ಒರೆಸಿ ಒರೆಸಿ ಒಳಗೆ ಬಂದು, ಬೆಂಚು ಬಿಟ್ಟು, ಗೋಡೆಗೆ ತಾಗದಂತೆ ನೆಲದ ನಡುವೆ ಮುದುಡಿಕೊಂಡವು. ಎಬ್ಬಿಸಿ ಬೆಂಚಿನ ಮೇಲೆ ಕೂರಿಸಿದ್ದಾಯಿತು, ಫೋಟೋ ತೆಗೆದದ್ದಾಯಿತು. ಮುಗಿದದ್ದೇ ತಡ, ಯಾರೂ ಹೇಳದಿದ್ದರೂ ಮಕ್ಕಳು ಎದ್ದು ಸಾಲಾಗಿ ಕೊಟ್ಟಿಗೆಯ ಕಡೆಗೆ ನಡೆದವು. ಲೀಲಮ್ಮ ಕರೆಯುತ್ತಾ ಹಿಂದೆ ಓಡಿದರು. ಮಾನ್ಯಾಳಿಗೆ ಅಳು ಬಂತು.

ಡೈರೆಕ್ಟರ್ ಗೋಡೆಯ ಮೇಲೆ ಕೈಯಾಡಿಸುತ್ತಿದ್ದರು. ಇಷ್ಟು ತಿಂಗಳಾದರೂ ಒಂದು ಕಲೆಯಿಲ್ಲ, ನೋಡಿಕೊಂಡರೆ ಹೀಗೆ ನೋಡಿಕೊಳ್ಳಬೇಕು ಎಂದು ಎಲ್ಲರೆದುರು ಮೆಚ್ಚಿದರು. ಈ ವರ್ಷದ ಉಳಿದ ಹನ್ನೊಂದು ಶಾಲೆಗಳ ಕೀಲಿಕೈಯೂ ಇನ್ನು ಮಾನ್ಯಾಳ ಹತ್ತಿರವೇ ಇರಲಿ ಎಂದರು.

"ಸರಿ ಸಾರ್," ಎಂದಳು ಮಾನ್ಯಾ.